ಸೋಮವಾರದ ಪೂಜೆ

ನನ್ನ ಅಪ್ಪ ಅಮ್ಮನ ಮದುವೆಯಾದಾಗ ನನಗೆ ಹದಿನೇಳು ವರ್ಷ. ಹೀಗೆಂದರೆ ನನ್ನ ಮೊಮ್ಮಕ್ಕಳು ನಗುತ್ತಾರೆ. ಪಾದ್ರಿಗೆ ಹೆಂಡತಿ ಇರುವುದು, ಭಾನುವಾರ ಅವಳು ಮಕ್ಕಳನ್ನು ಕರೆದುಕೊಂಡು ಬಂದು ಚರ್ಚಿನ ಮುಂದಿನ ಬೆಂಚಿನಲ್ಲಿ ಕೂರುವುದು ಅವರು ಹುಟ್ಟಿದಾಗಿನಿಂದ ನೋಡಿದ ಸಂಗತಿ. ನಾನು ಹುಟ್ಟಿದ ಕಾಲದಲ್ಲಿ ಪಾದ್ರಿಗೆ ಹೆಂಡತಿ ಇರುವಂತಿರಲಿಲ್ಲ. ಅಡಿಗೆಯವಳು ಇರಬಹುದಿತ್ತು.

ನನ್ನ ಅಮ್ಮ ಅಪೊಲೋನಿಯ, ಹಾಸೆಲ್‌ಬಾಖಿನ ಪಾದ್ರಿ ಕಿಲಿಯಾನನ ಅಡಿಗೆಯವಳು. ಗಾಡಿ ಮಾಡುವ ಎಂಡ್ರೆಸನ ಕಿರಿಮಗಳು. ಹತ್ತೊಂಬತ್ತನೇ ವಯಸ್ಸಿಗೆ ಪಾದ್ರಿಯ ಮನೆಗೆ ಕೆಲಸಕ್ಕೆ ಸೇರಿದವಳು ಮೂರನೇ ವರ್ಷಕ್ಕೆ ನನ್ನನ್ನು ಹೊತ್ತಳು. ಊರಿಗೆಲ್ಲ ಗೊತ್ತಿತ್ತು. ನದಿಯಾಚೆ ಕೂತ ಬಿಷಪ್ಪನಿಗೂ ಗೊತ್ತಿತ್ತು. ವರ್ಷಕ್ಕೊಮ್ಮೆ ಅಪ್ಪ ಅವನ ಕಚೇರಿಗೆ ಹೋಗಿ ದಂಡ ತೆತ್ತು ಬರುತ್ತಿದ್ದ. ತೆತ್ತರೆ ಇನ್ನೊಂದು ವರ್ಷ ಯಾರೂ ಏನೂ ಕೇಳುತ್ತಿರಲಿಲ್ಲ. ಸುತ್ತಮುತ್ತ ಅರ್ಧಕ್ಕರ್ಧ ಪಾದ್ರಿಗಳು ಹಾಗೇ ಬದುಕುತ್ತಿದ್ದರು. ಆದರೆ ಅಮ್ಮ ನೀರಿಗೆ ಹೋದರೆ ಬಾವಿಕಟ್ಟೆಯಲ್ಲಿದ್ದ ಹೆಂಗಸರು ಕೊಡ ಎತ್ತಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದರು. ನಾನು ಅಪ್ಪನನ್ನು ಊರವರ ಹಾಗೆ 'ಸ್ವಾಮಿ' ಎಂದೇ ಕರೆಯಬೇಕಿತ್ತು, ಮನೆಯೊಳಗೂ. ಒಳಗೆ ಅಪ್ಪ ಅಂತ ಕರೆದು ರೂಢಿಯಾದರೆ ಎಲ್ಲಿ ಬೀದಿಯಲ್ಲೂ ಬಾಯಿಗೆ ಬಂದುಬಿಟ್ಟೀತೋ ಎಂದು ಅಮ್ಮನಿಗೆ ಭಯ.

ಅವಳಿಗೆ ಇದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಅದು ಸತ್ತುಹೋದ ಅವಳ ಅಪ್ಪನ ಬಗ್ಗೆ.

ಮಗಳು ಬಸುರಿ ಎಂದು ತಿಳಿದ ದಿನ ಎಂಡ್ರೆಸಜ್ಜ ತನ್ನ ಬಾಗಿಲಲ್ಲಿ ನಿಂತು, "ನನಗಿರೋದು ಒಬ್ಳೇ ಮಗಳು, ದೊಡ್ಡವಳು ಕುನಿಗುಂಡೆ" ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದನಂತೆ. ಅದಾಗಿ ಮೂರು ತಿಂಗಳಿಗೆ, ಚಕ್ರ ಬಿಚ್ಚಿದ್ದ ಗಾಡಿಯೊಂದಕ್ಕೆ ಆನಿಸಿದ್ದ ಮರ ಜಾರಿ, ಅಚ್ಚು ಅವನ ಎದೆಯ ಮೇಲೆ ಕೂತಿತು. ಪಾದ್ರಿಗೆ ಕರೆ ಬಂತು. ಊರಿಗೆ ಇದ್ದವನು ಒಬ್ಬನೇ ಪಾದ್ರಿ. ಅಪ್ಪ ಸಾಯುವವರಿಗೆ ಹಚ್ಚುವ ಅಭಿಷೇಕದ ಎಣ್ಣೆ ಹಿಡಿದು ಓಡಿದ. ಕಾಲು ಗಂಟೆಯಲ್ಲಿ ವಾಪಸು ಬಂದ. ಬಟ್ಟಲಿನ ಮುಚ್ಚಳ ತೆಗೆದೇ ಇರಲಿಲ್ಲ. "ನನ್ ಕೈಯಿಂದ ಬೇಡವಂತೆ" ಎಂದ. ಹಾಗೆ ಎಂಡ್ರೆಸಜ್ಜ ಪಾಪನಿವೇದನೆ ಇಲ್ಲದೆ, ಎಣ್ಣೆ ಇಲ್ಲದೆ ಸತ್ತ. ಏಳು ತಿಂಗಳ ಬಸುರಿ ಅಮ್ಮ ಮಣ್ಣಿಗೂ ಹೋಗಲಿಲ್ಲ.

ಹಾಗೆ ಸತ್ತವರು ಎಲ್ಲಿಗೆ ಹೋಗುತ್ತಾರೆ ಎಂಬುದು ಆಗ ಎಳೆಮಕ್ಕಳಿಗೂ ಗೊತ್ತಿತ್ತು. ನಮ್ಮ ಚರ್ಚಿನ ಗೋಡೆಯ ಮೇಲೆ ಅದರ ಚಿತ್ರವೇ ಇತ್ತು: ಸೊಂಟದವರೆಗೆ ಬೆಂಕಿಯಲ್ಲಿ ನಿಂತು ಕೈ ಮೇಲೆತ್ತಿದ ಜನ. ಸ್ವರ್ಗವೂ ಅಲ್ಲದ, ನರಕವೂ ಅಲ್ಲದ, ಆತ್ಮವನ್ನು ಸುಟ್ಟು ಶುದ್ಧಮಾಡುವ ಜಾಗ. ಬದುಕಿದ್ದವರು ಅವರ ಹೆಸರಿನಲ್ಲಿ ಪೂಜೆ ಮಾಡಿಸಿದಷ್ಟೂ ಅಲ್ಲಿಯ ಕಾಲ ಕಮ್ಮಿಯಾಗುತ್ತದೆ ಎನ್ನುತ್ತಿದ್ದರು. ಅಮ್ಮನ ಮೇಲಿನ ಹಟಕ್ಕೆ ಅಜ್ಜ ಬೆಂಕಿ ಸೇರಿದ್ದ. ಅವನನ್ನು ಅಮ್ಮನೇ ಮೇಲೆತ್ತಬೇಕಾಗಿತ್ತು. ಪ್ರತಿ ಸೋಮವಾರ ಬೆಳಿಗ್ಗೆ ಅಪ್ಪ ಪಕ್ಕದ ಬಲಿಪೀಠದಲ್ಲಿ ಅಜ್ಜನಿಗಾಗಿ ಪೂಜೆ ಮಾಡುತ್ತಿದ್ದ, ಅಮ್ಮ ಮೇಣದ ಬತ್ತಿ ಹಚ್ಚಿ ಮೊಣಕಾಲೂರುತ್ತಿದ್ದಳು. ನಾನು ಚಿಕ್ಕವಳಿದ್ದಾಗ ಪಕ್ಕದ ಪೇಟೆಗೆ, ದುಡ್ಡಿಗೆ ಪಾಪದ ಶಿಕ್ಷೆ ಕಳೆಯುವ ಕ್ಷಮಾಪತ್ರ ಮಾರುವವನು ಬಂದಿದ್ದ. ಅಮ್ಮ ತನ್ನ ಉಣ್ಣೆಯ ಮೇಲಂಗಿ ಕೊಟ್ಟು ಅಜ್ಜನ ಹೆಸರಿಗೆ ಒಂದು ಪತ್ರ ತಂದಳು. ಆ ಚಳಿಗಾಲವೆಲ್ಲ ಹಳೆಯ ಕಂಬಳಿಯೊಂದನ್ನು ಸುತ್ತಿಕೊಂಡೇ ಓಡಾಡಿದಳು. ಪತ್ರದಲ್ಲಿ ಏನು ಬರೆದಿತ್ತೋ ಅವಳಿಗೆ ತಿಳಿಯದು. ಅದು ಲ್ಯಾಟಿನ್ನಿನಲ್ಲಿತ್ತು, ಪೂಜೆಯ ಹಾಗೇ.

ಆಮೇಲೆ ವಿಟೆನ್‌ಬರ್ಗಿನಿಂದ, ಅಲ್ಲಿಯ ಸನ್ಯಾಸಿಯೊಬ್ಬ ಪೋಪನ ವಿರುದ್ಧ ಬರೆದು ಅಚ್ಚುಹಾಕಿಸಿದ ಹಾಳೆಗಳು ಬರತೊಡಗಿದವು. ಸೂಜಿ ದಾರ ಮಾರುವವನ ಮೂಟೆಯ ತಳದಲ್ಲಿ ಮಡಿಸಿಟ್ಟಿರುತ್ತಿದ್ದವು. ಅಪ್ಪ ಮೊದಮೊದಲು ಬಾಗಿಲು ಹಾಕಿಕೊಂಡು ಓದುತ್ತಿದ್ದ. ಬರಬರುತ್ತ ಒಲೆಯ ಮುಂದೆ ಕೂತು ಗಟ್ಟಿಯಾಗಿ ಓದತೊಡಗಿದ. ದೇವರ ಕ್ಷಮೆ ಮಾರುವ ಸರಕಲ್ಲ, ನಂಬಿದವನಿಗೆ ಅದು ಆಗಲೇ ಸಿಕ್ಕಿದೆ, ಪಾದ್ರಿಯೂ ಚಮ್ಮಾರನೂ ದೇವರ ಮುಂದೆ ಸಮ, ಸುವಾರ್ತೆಯನ್ನು ಎಲ್ಲರೂ ತಮ್ಮ ಮಾತಿನಲ್ಲೇ ಓದಬೇಕು. ಒಂದೊಂದು ಸಾಲನ್ನೂ ಎರಡೆರಡು ಸಲ ಓದುತ್ತಿದ್ದ. ಎಷ್ಟೋ ವರ್ಷ ದಂಡ ತೆತ್ತು ತಲೆ ತಗ್ಗಿಸಿ ಬಂದವನು ಅವನು. ನನಗೆ ಅಕ್ಷರ ಕಲಿಸಿದ್ದೂ ಆ ಹಾಳೆಗಳ ಮೇಲೇ.

ಸಾವಿರದ ಐನೂರ ಇಪ್ಪತ್ತನಾಲ್ಕನೇ ಇಸವಿಯ ವಸಂತದಲ್ಲಿ, ಒಂದು ಭಾನುವಾರ, ಅಪ್ಪ ಸುವಾರ್ತೆಯನ್ನು ನಮ್ಮ ಮಾತಿನಲ್ಲಿ ಓದಿದ. ನೂಲುವ ಮುದುಕಿಯೊಬ್ಬಳು ಇದ್ದಕ್ಕಿದ್ದಂತೆ, "ಅಯ್ಯೋ, ಯೇಸುಸ್ವಾಮಿ ನಮ್ ಥರಾನೇ ಮಾತಾಡ್ತಾನಲ್ರೋ!" ಎಂದುಬಿಟ್ಟಳು.

"ಮತ್ತಿನ್ನೇನು ಬಿಷಪ್ಪನ ಥರ ಮಾತಾಡ್ತಾನಾ?" ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು. ನಗುತ್ತಿದ್ದವರಲ್ಲಿ ಕೆಲವರು ಕಣ್ಣೊರೆಸಿಕೊಳ್ಳುತ್ತಿದ್ದರು.

ಊರ ಹಿರಿಯರಿಗೆ ಸುವಾರ್ತೆಯೂ ಹಿಡಿಸಿತು, ಬಿಷಪ್ಪನ ಅಧಿಕಾರ ನಿಲ್ಲುವುದೂ ಹಿಡಿಸಿತು. ಯಾವುದು ಹೆಚ್ಚು, ಯಾವುದು ಕಮ್ಮಿ ಎಂದು ನಾನು ಹೇಳಲಾರೆ. ಬೇಸಿಗೆ ಮುಗಿಯುವ ಹೊತ್ತಿಗೆ ಊರು ಹೊಸ ಮತಕ್ಕೆ ಬಂದಿತ್ತು.

ಆ ಸೆಪ್ಟೆಂಬರಿನ ಒಂದು ಮಧ್ಯಾಹ್ನ ನಾನೂ ಅಮ್ಮನೂ ಚಳಿಗಾಲಕ್ಕೆ ಉಪ್ಪು ಹಾಕಿ ಹುಳಿಬರಿಸಿಡಲು ಎಲೆಕೋಸು ಹೆಚ್ಚುತ್ತ ಕೂತಿದ್ದೆವು. ಅಪ್ಪ ಒಳಗೆ ಬಂದವನು ಕೂರಲಿಲ್ಲ.

"ಪ್ಲೋನಿ, ನಾವು ಮದುವೆ ಆಗೋಣ," ಎಂದ ಅಮ್ಮನಿಗೆ.

ಅಮ್ಮ ತಲೆ ಎತ್ತಲಿಲ್ಲ. "ಇಪ್ಪತ್ತು ವರ್ಷ ನನ್ ಕೈಯಡಿಗೆ ಉಂಡು ಈಗ ಹೆಣ್ಣು ನೋಡೋಕ್ ಬಂದ್ರಾ? ಹಲ್ಲು ಎಣಿಸ್ಕೊಳ್ಳಿ. ಎರಡು ಉದುರಿದೆ."

"ತಮಾಷೆ ಅಲ್ಲ ಕಣೇ. ಚರ್ಚಿನ ಬಾಗಿಲಲ್ಲಿ, ಎಲ್ರ ಎದುರಿಗೆ. ಕೊಬರ್ಗಿನ ಪಾದ್ರಿ ಬಂದು ನಡೆಸ್ಕೊಡ್ತಾನೆ. ಆಮೇಲೆ ನೀನು ಯಾರ ಮುಂದೇನೂ ತಲೆ ತಗ್ಗಿಸ್ಬೇಕಾಗಿಲ್ಲ. ಇವಳೂ..." ನನ್ನ ಕಡೆ ನೋಡಿದ. "ಇವಳೂ ನನ್ನನ್ನ ಅಪ್ಪಾ ಅಂತ ಕರೀಬಹುದು."

ಅಮ್ಮನ ಚಾಕು ನಿಂತಿತು. ಅವಳ ಮುಖದಲ್ಲಿ ಏನೋ ಅರಳಿದ್ದನ್ನು ನಾನು ನೋಡಿದೆ. ಆದರೆ ಅದು ಅರ್ಧಕ್ಕೇ ನಿಂತುಹೋಯಿತು.

"ಸೋಮವಾರದ ಪೂಜೆ?" ಎಂದು ಕೇಳಿದಳು.

ಅಪ್ಪ ಈಗ ಅವಳೆದುರು ಕೂತ. "ಅದು ನಿಲ್ಲುತ್ತೆ. ಸತ್ತವರಿಗೆ ಮಾಡೋ ಪೂಜೆ ಎಲ್ಲಾ ನಿಲ್ಸೋದು ಅಂತ ತೀರ್ಮಾನ ಆಗಿದೆ. ನಾನೇ ಹೇಳಿದ್ದು. ಆ ಬೆಂಕಿಯ ಜಾಗ ಸುವಾರ್ತೆಯಲ್ಲಿ ಎಲ್ಲೂ ಇಲ್ಲ ಪ್ಲೋನಿ. ಮೊದಲಿಂದ ಕೊನೇವರೆಗೂ ಹುಡುಕ್ದೆ."

"ಇಲ್ವಾ?"

"ಇಲ್ಲ."

"ಹಾಗಾದ್ರೆ ನಮ್ಮಪ್ಪ ಎಲ್ಲಿದಾನೆ?"

"ದೇವರ ಕೈಯಲ್ಲಿ."

"ಅದು ಯಾವ ಊರು ಸ್ವಾಮಿ?" ಅಮ್ಮನ ಧ್ವನಿ ಏರಿತು. "ಇಷ್ಟು ದಿನ ಅವನೆಲ್ಲಿದಾನೆ ಅಂತ ನಂಗೊತ್ತಿತ್ತು. ಬಾವಿಯಿಂದ ಕೊಡ ಸೇದೋ ಹಾಗೆ ವಾರವಾರ ಸೇದ್ತಿದ್ದೆ. ಭಾರ ಇತ್ತು, ಆದ್ರೆ ಮೇಲಕ್ಕೆ ಬರ್ತಿತ್ತು. ಈಗ ಬಾವೀನೇ ಇಲ್ಲ ಅಂತೀರಿ. ಹದಿನೇಳು ವರ್ಷ ನಾನು ಸೇದಿದ್ದೇನು ಹಾಗಾದ್ರೆ?"

"ನೀನು ಸೇದಬೇಕಾಗೇ ಇರಲಿಲ್ಲ. ಅದೇ ಒಳ್ಳೇ ಸುದ್ದಿ."

"ನಿಮಗೆ ಒಳ್ಳೇ ಸುದ್ದಿ," ಎಂದಳು ಅಮ್ಮ. ಚಾಕು ಎತ್ತಿಕೊಂಡಳು. "ನಮ್ಮಪ್ಪನ್ನ ಹಾಗೇ ಬಿಟ್ಬಿಡೋ ಪಾದ್ರೀನ ನಾನು ಮದುವೆ ಆಗಲ್ಲ. ಅಡಿಗೆ ಮಾಡ್ಕೊಂಡೇ ಇರ್ತೀನಿ."

ವಿಷಯ ಹೇಗೋ ಹೊರಗೆ ಹೋಯಿತು. ಪಾದ್ರಿಯ ಅಡಿಗೆಯವಳು ಉಂಗುರ ಬೇಡ ಅಂದಳಂತೆ ಎಂದು ಊರೆಲ್ಲ ಮಾತು. ಬಾವಿಕಟ್ಟೆಯಲ್ಲಿ ಒಬ್ಬಳು ನನ್ನನ್ನೇ ಕೇಳಿದಳು: "ನಿಮ್ಮಮ್ಮಂಗೆ ರಾಜಕುಮಾರ ಬೇಕಂತೇನೇ?" ನಾನು ಕೊಡ ತುಂಬಿಕೊಂಡು ಬಂದೆ.

ಪೂಜೆ ನಿಂತ ಮೊದಲ ಸೋಮವಾರ ಅಮ್ಮ ಎಂದಿನಂತೆ ಎದ್ದು ತಲೆಗೆ ಬಟ್ಟೆ ಕಟ್ಟಿಕೊಂಡಳು. "ಅಲ್ಲಿ ಏನೂ ಇರಲ್ಲಮ್ಮ," ಎಂದೆ. "ಕಾಲು ಕೇಳಲ್ಲ ಕಣೇ," ಎಂದಳು. ನಾನೂ ಜೊತೆಗೆ ಹೋದೆ. ಚರ್ಚು ಖಾಲಿ. ಪಕ್ಕದ ಬಲಿಪೀಠದ ಮೇಲಿನ ಬಟ್ಟೆ, ದೀಪ, ಪುಟ್ಟ ಶಿಲುಬೆ ಎಲ್ಲ ತೆಗೆದಿದ್ದರು. ಬರೀ ಕಲ್ಲು ಉಳಿದಿತ್ತು. ಅಮ್ಮ ಅದರ ಮುಂದೆ ಸುಮ್ಮನೆ ನಿಂತಳು.

ಕಂಬದ ಹಿಂದೆ ಯಾರೋ ಕೆಮ್ಮಿದರು. ನೋಡಿದರೆ ಕುನಿಗುಂಡೆ ದೊಡ್ಡಮ್ಮ. ಅಮ್ಮನ ಒಡಹುಟ್ಟಿದ ಅಕ್ಕ, ಪೀಪಾಯಿ ಮಾಡುವವನ ಹೆಂಡತಿ, ನಮ್ಮಿಂದ ಮೂರು ಬೀದಿ ಆಚೆಯ ಮನೆ. ಅಜ್ಜ ಸತ್ತಾಗಿನಿಂದ ಅಮ್ಮನ ಜೊತೆ ಒಂದು ಮಾತಾಡಿದವಳಲ್ಲ. ಹೊಸ ಮತಕ್ಕೆ ಬಾರದೆ ಉಳಿದ ನಾಲ್ಕಾರು ಮನೆಗಳಲ್ಲಿ ಅವಳದೂ ಒಂದು.

"ಗಂಟೆ ಯಾಕೆ ಹೊಡೀಲಿಲ್ಲ?" ಎಂದು ದೊಡ್ಡಮ್ಮ ಗೋಡೆಯ ಕಡೆ ನೋಡುತ್ತ ಕೇಳಿದಳು.

"ಪೂಜೆ ನಿಲ್ಸಿದ್ದಾರೆ ಅಕ್ಕ. ನೀನ್ಯಾಕೆ ಬಂದೆ ಇಲ್ಲಿಗೆ?"

"ಯಾಕ್ ಬರ್ತಾರೆ? ಪ್ರತಿ ಸೋಮವಾರ ಬಂದಿದ್ದೀನಿ. ನಿನ್ ಬೆನ್ನು ನೋಡಿ ನೋಡಿ ಸಾಕಾಗಿದೆ. ಒಂದ್ಸಲ ಆದ್ರೂ ತಿರುಗಿ ನೋಡಿದ್ಯಾ ನೀನು?"

ಅಮ್ಮ ಕಂಬದ ಕಡೆಗೆ ಎರಡು ಹೆಜ್ಜೆ ಇಟ್ಟಳು.

"ಅಪ್ಪ ನಿನ್ನಿಂದ ಬೆಂಕಿಗೆ ಬಿದ್ದ," ದೊಡ್ಡಮ್ಮ ಮುಂದುವರಿಸಿದಳು. "ಈಗ ಉಂಗುರ ಸಿಗುತ್ತೆ ಅಂತ ಅವನನ್ನ ಅಲ್ಲೇ ಬಿಟ್ಬಿಡ್ತೀಯಾ?"

"ಉಂಗುರ ಬೇಡ ಅಂದಿದ್ದೀನಿ. ಊರಿಗೆಲ್ಲ ಗೊತ್ತಿರೋದು ನಿನ್ ಕಿವಿಗೆ ಬೀಳ್ಲಿಲ್ವಾ?"

"ಯಾರೋ ಅಂದ್ರು, ನಾನು ನಂಬ್ಲಿಲ್ಲ." ದೊಡ್ಡಮ್ಮನ ಧ್ವನಿ ಇಳಿಯಿತು. "ನಿಜವಾಗ್ಲೂ ಬೇಡ ಅಂದ್ಯಾ? ಯಾಕೆ?"

"ಯಾಕೆ ಅಂದ್ರೆ? ಸಾಯೋವಾಗ ಅಪ್ಪ ಇವರ ಕೈಯಿಂದ ಎಣ್ಣೆ ಬೇಡ ಅಂದ. ಆ ಹಟ ನನ್ನಿಂದ. ಅವನನ್ನ ಬಿಡಿಸ್ಬೇಕಾದವಳು ನಾನು."

ದೊಡ್ಡಮ್ಮ ಬಲಿಪೀಠದ ಮೆಟ್ಟಿಲ ಮೇಲೆ ಕೂತಳು. ಆಮೇಲೆ ಮೆಲ್ಲಗೆ, "ಅಪ್ಪ ಬೇಡ ಅನ್ಲಿಲ್ಲ," ಎಂದಳು.

"ಏನಂದೆ?"

"ಅವನಿಗೆ ಮಾತೇ ಹೊರಡ್ತಿರಲಿಲ್ಲ. ಬಾಯಲ್ಲಿ ರಕ್ತ. ಬಾಗಿಲಿಗೆ ಅಡ್ಡ ನಿಂತು 'ನಿನ್ ಕೈಯಿಂದ ಬೇಡವಂತೆ, ಹೋಗು' ಅಂದಿದ್ದು ನಾನು. ಸಿಟ್ಟಿತ್ತು. ಪಕ್ಕದೂರಿನ ಪಾದ್ರೀನ ಕರೆಸೋಣ ಅಂತಿದ್ದೆ. ಅಷ್ಟರಲ್ಲಿ..." ಅವಳು ಮುಖ ಮುಚ್ಚಿಕೊಂಡಳು.

"ಅದು ನನಗೆ ಗೊತ್ತಿತ್ತು," ಎಂದಿತು ಇನ್ನೊಂದು ಧ್ವನಿ.

ಅಪ್ಪ. ಪಕ್ಕದ ಬಾಗಿಲಿಂದ ಯಾವಾಗ ಬಂದಿದ್ದನೋ, ಬೀಗದ ಕೈ ಗೊಂಚಲು ಹಿಡಿದು ನಿಂತಿದ್ದ.

"ಅವರು ಮಾತಾಡ್ಲಿಲ್ಲ ಅನ್ನೋದು ಗೊತ್ತಿತ್ತು ಪ್ಲೋನಿ. ಕುನಿಗುಂಡೆಯ ಹೆಗಲ ಮೇಲಿಂದ ನಂಗೆ ಕಾಣ್ತಿದ್ರು. ಕಣ್ಣು ತೆರೆದಿತ್ತು, ನನ್ನನ್ನೇ ನೋಡ್ತಿದ್ರು. ಆ ನೋಟದಲ್ಲಿ ಏನಿತ್ತೋ ಗೊತ್ತಾಗ್ಲಿಲ್ಲ. ಇವಳನ್ನ ಪಕ್ಕಕ್ಕೆ ಸರಿಸಿ ಒಳಗೆ ಹೋಗೋದು ನನ್ನ ಕೆಲಸ ಆಗಿತ್ತು. ಹೋಗ್ಲಿಲ್ಲ. ಆ ಮನೆ ಹೊಸ್ತಿಲು ದಾಟೋಕೆ ನಂಗೆ ನಾಚಿಕೆ ಆಯ್ತು. ಮನೆಗೆ ಬಂದು ನಿನಗೆ ಇವಳ ಮಾತನ್ನೇ ಅವರ ಮಾತು ಅಂತ ಹೇಳ್ದೆ."

ಅಮ್ಮ ಒಬ್ಬರಿಂದ ಒಬ್ಬರತ್ತ ನೋಡಿದಳು. ಕಿರುಚುತ್ತಾಳೆ ಎಂದುಕೊಂಡೆ. ಕಿರುಚಲಿಲ್ಲ.

"ಹದಿನೇಳು ವರ್ಷ," ಎಂದಳು. "ಇಲ್ಲೇ, ಈ ಕಲ್ಲಿನ ಮುಂದೆ ನಿಂತು ವಾರವಾರ ದೇವರಿಗೆ ಲ್ಯಾಟಿನ್ನಲ್ಲಿ ಏನೇನೋ ಹೇಳಿದ್ರಲ್ಲ ಸ್ವಾಮಿ. ನಂಗೆ ನಮ್ ಮಾತಲ್ಲಿ ಒಂದ್ಸಲ ಹೇಳೋಕಾಗ್ಲಿಲ್ವಾ?"

ಅಪ್ಪ ಬೀಗದ ಕೈ ಗೊಂಚಲನ್ನು ಮೆಟ್ಟಿಲ ಮೇಲಿಟ್ಟ.

ದೊಡ್ಡಮ್ಮ ಎದ್ದಳು. "ಆದದ್ದಾಯ್ತು. ಒಂದು ಪೂಜೆ ಮಾಡು. ಇವಳಿಗೋಸ್ಕರ ಅಲ್ಲ, ನಂಗೋಸ್ಕರ. ಕೊನೇದು. ಬಾಗಿಲು ಹಾಕ್ಕೊಂಡು ಮಾಡು, ಯಾರಿಗೂ ಗೊತ್ತಾಗಲ್ಲ. ನಿಂಗೆ ಕೈ ಮುಗೀತೀನಿ."

ಅಪ್ಪ ಬಲಿಪೀಠದ ಹತ್ತಿರ ಬಂದ. ಅವನು ಆ ಬರೀ ಕಲ್ಲಿನ ಮೇಲೆ ಕೈಯಿಟ್ಟ. ಮಾಡಿಬಿಡುತ್ತಾನೆ ಎಂದೇ ನನಗನ್ನಿಸಿತು. ಮಾಡಲಿ ಎಂದೂ ಅನ್ನಿಸಿತು.

"ಆಗಲ್ಲ ಕುನಿಗುಂಡೆ," ಎಂದ ಕೊನೆಗೆ. "ಒಂದು ಸುಳ್ಳು ಹೇಳಿದ್ದೇ ಸಾಕು. ನಂಬಿಕೆ ಹೋದ ಮೇಲೆ ಇಲ್ಲಿ ನಿಂತು ಆ ಪೂಜೆ ಹೇಳಿದ್ರೆ, ಅದು ಇನ್ನೊಂದು ಸುಳ್ಳು. ಅವರ ಸಮಾಧಿ ಹತ್ರ ಹೋಗೋಣ ಬಾ, ಎಲ್ರೂ. ನಮ್ ಮಾತಲ್ಲಿ ಪ್ರಾರ್ಥನೆ ಮಾಡ್ತೀನಿ. ನಂಗೆ ಗೊತ್ತಿರೋದು ಅಷ್ಟೇ."

"ಸಂತೇಲಿ ಕೋಳಿ ಚೌಕಾಸಿ ಮಾಡೋ ಮಾತಲ್ಲಿ ದೇವರನ್ನ ಕರೀತಾನಂತೆ!" ದೊಡ್ಡಮ್ಮ ಶಾಲು ಕೊಡವಿ, ಹೊರಗೆ ಹೋದಳು.

ಸಮಾಧಿಗೆ ಅಮ್ಮ ಅಪ್ಪನನ್ನು ಕರೆಯಲಿಲ್ಲ. ಆ ಸಂಜೆ ನನ್ನೊಬ್ಬಳನ್ನೇ ಕರೆದುಕೊಂಡು ಹೋದಳು. ಹುಲ್ಲು ಬೆಳೆದು ಮರದ ಶಿಲುಬೆ ಅರ್ಧ ಮುಚ್ಚಿತ್ತು. ಅವಳು ಹುಲ್ಲು ಕಿತ್ತು ಒಪ್ಪ ಮಾಡಿದಳು. "ಅಪ್ಪಾ, ನೀನು ಬೇಡ ಅಂದಿರಲಿಲ್ವಂತೆ," ಎಂದಳು. ಮುಂದೆ ಏನು ಹೇಳಬೇಕೋ ತೋಚಲಿಲ್ಲವೇನೋ, "ಇವಳು ವಾಲ್ಪುರ್ಗ, ನಿನ್ ಮೊಮ್ಮಗಳು" ಎಂದು ನನ್ನನ್ನು ಮುಂದಕ್ಕೆ ತಳ್ಳಿದಳು. ನನಗೆ ನಾಚಿಕೆಯಾಯಿತು. ಆಮೇಲೆ ಅವಳು ಅತ್ತಳು, ಬಹಳ ಹೊತ್ತು, ಸದ್ದು ಮಾಡಿ, ಚಿಕ್ಕ ಹುಡುಗಿಯ ಹಾಗೆ. ಹದಿನೇಳು ವರ್ಷದ ಸೋಮವಾರಗಳಲ್ಲಿ ಒಂದು ಸಲವೂ ನಾನು ಅವಳು ಅತ್ತದ್ದನ್ನು ಕಂಡಿರಲಿಲ್ಲ.

ಅಪ್ಪನ ಜೊತೆ ಅವಳು ಒಂದು ತಿಂಗಳು ಮಾತು ಬಿಟ್ಟಳು. ಊಟಕ್ಕೇನೂ ಕೊರತೆ ಇರಲಿಲ್ಲ. ರೊಟ್ಟಿ, ಬಟಾಣಿ ಗಂಜಿ, ಬಿಯರು ಎಲ್ಲ ಹೊತ್ತಿಗೆ ಸರಿಯಾಗಿ ಮೇಜಿನ ಮೇಲೆ ಬರುತ್ತಿತ್ತು. ಅಪ್ಪ ಪ್ರವಚನಕ್ಕೆ ಹೋಗುವಾಗಲೂ ಬರುವಾಗಲೂ ಅವಳ ಮುಖ ನೋಡುತ್ತಿದ್ದ. ಸಾವಿರ ಜನಕ್ಕೆ ದೇವರ ಕ್ಷಮೆ ಪುಕ್ಕಟೆ ಎಂದು ಸಾರುತ್ತಿದ್ದವನು ಮನೆಯಲ್ಲಿ ಒಬ್ಬಳ ಕ್ಷಮೆಗೆ ಕಾದು ಸವೆದುಹೋದ.

ಅಕ್ಟೋಬರು ಮುಗಿಯುವಾಗ ಒಂದು ಬೆಳಿಗ್ಗೆ, ರೊಟ್ಟಿ ಮುರಿಯುತ್ತ, "ಕೊಬರ್ಗಿನ ಪಾದ್ರಿಗೆ ಹೇಳಿ ಕಳಿಸಿ," ಎಂದಳು. ಅಪ್ಪನ ಕೈಯಲ್ಲಿದ್ದ ಚಮಚ ಗಂಜಿಯೊಳಗೇ ನಿಂತಿತು.

ಆಮೇಲೆ ನಾನು ಕೇಳಿದೆ, "ಯಾಕಮ್ಮ ಮನಸ್ಸು ಬದಲಾಯ್ಸಿದೆ?"

"ನಮ್ಮಪ್ಪ ಸಾಯೋ ದಿನ ಅಕ್ಕ ಹೋಗು ಅಂದ್ಲು, ಇವರು ಹೋಗ್ಬಿಟ್ರು. ಈ ಸಲ ಅವಳೇ ಕೈ ಮುಗಿದು ಮಾಡು ಅಂದ್ಲು, ಮಾಡ್ಲಿಲ್ಲ. ನಂಗೂ ಅವತ್ತು ಅವರು ಆ ಪೂಜೆ ಮಾಡ್ಬಿಟ್ರೆ ಸಾಕಿತ್ತು ಕಣೇ, ಅಷ್ಟು ಆಸೆ ಇತ್ತು. ಅದೂ ಗೊತ್ತಿತ್ತು ಅವರಿಗೆ. ಆದ್ರೂ ಮಾಡ್ಲಿಲ್ಲ. ಬೆನ್ನುಮೂಳೆ ಬರೋಕೆ ಇಷ್ಟು ವರ್ಷ ಹಿಡೀತು. ಬಂದಿದೆಯಲ್ಲ."

ನವೆಂಬರಿನಲ್ಲಿ, ಸಂತ ಮಾರ್ಟಿನನ ಹಬ್ಬದ ವಾರ ಮದುವೆಯಾಯಿತು. ಹಬ್ಬಕ್ಕೆ ಕೊಯ್ದ ಹೆಬ್ಬಾತುಗಳಲ್ಲಿ ಒಂದನ್ನು ಗಿರಣಿಯವನು ನಮ್ಮ ಮನೆಗೆ ಕಳಿಸಿದ್ದ. ನಮ್ಮ ಮನೆಗೆ ಯಾರಾದರೂ ಹಾಗೆ ಏನನ್ನಾದರೂ ಕಳಿಸಿದ್ದು ಅದೇ ಮೊದಲು. ಚರ್ಚಿನ ಬಾಗಿಲ ಮುಂದೆ ಊರೇ ನೆರೆದಿತ್ತು. ಬಾವಿಕಟ್ಟೆಯ ಹೆಂಗಸರೂ ಇದ್ದರು. ಮೂವತ್ತೊಂಬತ್ತು ವರ್ಷದ ಮದುಮಗಳು, ತಲೆ ನರೆತ ಮದುಮಗ. ಯಾರೋ ಕಿಸಕ್ಕೆಂದರು. ಅಮ್ಮ ತಿರುಗಿ ನೋಡಿದಳು, ನಗು ನಿಂತಿತು. ಎಲ್ಲ ಮುಗಿದ ಮೇಲೆ ನಾನು ಗಟ್ಟಿಯಾಗಿ "ಅಪ್ಪಾ" ಎಂದು ಕರೆಯಬೇಕೆಂದುಕೊಂಡಿದ್ದೆ. ಬಾಯಿಗೆ "ಸ್ವಾಮಿ" ಎಂದೇ ಬಂತು. ರೂಢಿಯಾಗಲು ಕ್ರಿಸ್‌ಮಸ್ಸಿನವರೆಗೆ ಹಿಡಿಯಿತು.

ಮುಂದಿನ ವಸಂತದಲ್ಲಿ ರೈತರು ಅದೇ ಸುವಾರ್ತೆಯನ್ನು ಕೈಯಲ್ಲಿ ಹಿಡಿದು ಒಡೆಯರ ಮೇಲೆ ಎದ್ದರು. ದೇವರ ಮುಂದೆ ಸಮ ಎಂದರೆ ಒಡೆಯನ ಮುಂದೆಯೂ ಸಮ ಎಂದು ಅವರು ತಿಳಿದಿದ್ದರು. ಮಠಗಳು ಸುಟ್ಟವು. ಆಮೇಲೆ ಒಡೆಯರ ಕುದುರೆ ಸವಾರರು ಬಂದರು. ನಮ್ಮ ಊರಿನ ಹನ್ನೊಂದು ಜನ ವಾಪಸು ಬರಲಿಲ್ಲ. ಅಪ್ಪ ಅವರ ಮನೆಮನೆಗೆ ಹೋಗಿ ಕೂತು ಬಂದ, ಯಾರ ಹೊಸ್ತಿಲಲ್ಲೂ ಹಿಂಜರಿಯಲಿಲ್ಲ. ಸತ್ತ ಮಗನಿಗೆ ಒಂದು ಪೂಜೆ ಮಾಡಿ ಎಂದು ಬೇಡಿದ ತಾಯಂದಿರಿಗೆ ಅವನು ಏನು ಹೇಳಿದನೋ ನನಗೆ ತಿಳಿಯದು. ಅಂಥ ದಿನ ಮನೆಗೆ ಬಂದರೆ ಊಟ ಮಾಡದೆ ಮಲಗುತ್ತಿದ್ದ.

ಕುನಿಗುಂಡೆ ದೊಡ್ಡಮ್ಮ ಹಳೆಯ ಮತ ಬಿಡಲಿಲ್ಲ. ನವೆಂಬರಿನ ಸತ್ತವರ ಹಬ್ಬದ ದಿನ ಅವಳು ಸೇತುವೆ ದಾಟಿ ಬಿಷಪ್ಪನ ನೆಲಕ್ಕೆ ನಡೆದು ಹೋಗಿ, ಅಲ್ಲಿಯ ಹಳ್ಳಿಯ ಚರ್ಚಿನಲ್ಲಿ ಅಜ್ಜನಿಗೆ ಪೂಜೆ ಮಾಡಿಸಿ ಬರುತ್ತಿದ್ದಳು. ಎರಡನೇ ವರ್ಷ ಅಮ್ಮ ಒಂದು ಬುಟ್ಟಿಯಲ್ಲಿ ರೊಟ್ಟಿ, ಬೆಣ್ಣೆ ಇಟ್ಟುಕೊಂಡು ಅವಳ ಹಿಂದೆ ಹೊರಟಳು. ಪಾದ್ರಿಯ ಹೆಂಡತಿ ಆಚೆ ದಾಟುವ ಹಾಗಿರಲಿಲ್ಲ. ಸೇತುವೆಯ ಈಚೆ ಕಲ್ಲಿನ ಮೇಲೆ ಕೂತು, ಅಕ್ಕ ಬರುವವರೆಗೆ ಕಾದಳು. ಆಮೇಲೆ ಪ್ರತಿ ವರ್ಷವೂ ಹಾಗೇ. ಅಪ್ಪನಿಗೆ ಗೊತ್ತಿತ್ತು. ಆ ದಿನ ಅವನು ತಾನೇ ಒಲೆ ಹಚ್ಚಿ, ಗಂಜಿ ಸೀಯಿಸಿಕೊಂಡು ಉಣ್ಣುತ್ತಿದ್ದ.

ಒಂದು ವರ್ಷ ನಾನೂ ಹೋಗಿದ್ದೆ. ನನಗಾಗ ಮದುವೆಯಾಗಿ ಮೊದಲ ಮಗು ಸೊಂಟದ ಮೇಲಿತ್ತು. ಕಾಯುತ್ತ ಕೂತಾಗ ಕೇಳಿದೆ, "ನೀನು ಯಾವ್ದನ್ನ ನಂಬ್ತೀಯಮ್ಮ? ಅಪ್ಪ ಹೇಳೋದನ್ನೋ, ದೊಡ್ಡಮ್ಮ ಹೇಳೋದನ್ನೋ?"

ಅಮ್ಮ ನದಿ ನೋಡುತ್ತ ಯೋಚಿಸಿದಳು. "ಮನೇಲಿದ್ದಾಗ ನಿಮ್ಮಪ್ಪ ಹೇಳೋದು ಸರಿ ಅನ್ಸುತ್ತೆ. ತಲೆ ಹಗುರ ಆಗುತ್ತೆ. ಇಲ್ಲಿ ಬಂದು ಕೂತ್ರೆ, ಇವಳು ನಡೀತಾ ಇರೋದು ಪೂರ್ತಿ ದಂಡ ಅಂತ ಹೇಳೋಕೆ ಬಾಯೇ ಬರಲ್ಲ."

ಮಧ್ಯಾಹ್ನ ಕಳೆದ ಮೇಲೆ ದೊಡ್ಡಮ್ಮ ಸೇತುವೆಯ ಮೇಲೆ ಕಾಣಿಸಿಕೊಂಡಳು. ಬಂದು ಕೂತು, ಬುಟ್ಟಿಗೆ ಕೈ ಹಾಕಿ, ರೊಟ್ಟಿ ಕಚ್ಚಿ, "ಉಪ್ಪೇ ಇಲ್ಲ. ಹೊಸ ಮತದೋರು ಉಪ್ಪನ್ನೂ ಬಿಟ್ರಾ?" ಎಂದಳು.

"ನಿನ್ ನಾಲಿಗೇಲಿ ಇರೋದು ಸಾಲದಾ?" ಎಂದಳು ಅಮ್ಮ.

ಮನೆಗೆ ಮರಳುವ ದಾರಿಯುದ್ದಕ್ಕೂ ಅಕ್ಕತಂಗಿ ಎಂಡ್ರೆಸಜ್ಜನ ಮಾತೇ ಆಡಿದರು. ಅವನು ಚಕ್ರಕ್ಕೆ ಪಟ್ಟಿ ಹೊಡೆಯುವಾಗ ಹೇಗೆ ಬೈಯುತ್ತಿದ್ದ, ಒಂದು ಸಲ ಕುಡಿದು ತನ್ನ ಗಾಡಿಯೆಂದು ಬೇರೆಯವರ ಗಾಡಿ ಹೊಡೆದುಕೊಂಡು ಬಂದದ್ದು, ಹೆಂಡತಿ ಸತ್ತ ವರ್ಷ ಇಬ್ಬರು ಹೆಣ್ಣುಮಕ್ಕಳಿಗೆ ಜಡೆ ಹಾಕಲು ಕಲಿತದ್ದು. ಹಗ್ಗ ಹೊಸೆದ ಹಾಗೆ ಬಿಗಿಯಾಗಿ ಹಾಕುತ್ತಿದ್ದನಂತೆ, ಎರಡು ದಿನ ಕಣ್ಣು ಮುಚ್ಚಲೂ ಆಗುತ್ತಿರಲಿಲ್ಲವಂತೆ. ನಾನು ಹಿಂದೆ ಹಿಂದೆ ನಡೆಯುತ್ತ ಕೇಳಿಸಿಕೊಂಡೆ. ಅಲ್ಲಿಯವರೆಗೆ ನನಗೆ ಅಜ್ಜನೆಂದರೆ ಗೋಡೆಯ ಮೇಲೆ ಬೆಂಕಿಯಲ್ಲಿ ನಿಂತ ಒಂದು ಆಕೃತಿ ಮಾತ್ರವಾಗಿದ್ದ. ಊರ ಬಾಗಿಲು ಕಾಣಿಸಿದಾಗ ದೊಡ್ಡಮ್ಮ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು, ಅದರ ಮೂಗು ಅಜ್ಜನದೇ ಎಂದಳು. ಅಮ್ಮ ಅಲ್ಲವೆಂದಳು. ಆ ಜಗಳ ಮನೆ ಮುಟ್ಟುವವರೆಗೂ ಮುಗಿಯಲಿಲ್ಲ.